ಪಂಪನ ಪಟ್ಟಿಯಲ್ಲಿ ಜಲಪಾತ ಇಲ್ಲ

ನಾಲ್ಕೈದು ವರ್ಷದ ಹಿಂದಿನ ಮಾತು. ನಾನು ಬರೆದ ಒಂದು ಲೇಖನದ ಪ್ರಿಂಟ್ ತಗೊಂಡು ಊರಿಗೆ ಹೋಗಿದ್ದೆ. ಆಯಿ ಮಧ್ಯಾಹ್ನದ ಕೆಲಸ ಮುಗಿಸಿ, ಕನ್ನಡಕ ಹಾಕಿಕೊಂಡು, ಜಗಲಿಯ ತುದಿಯಲ್ಲಿ ಕೂತು ಪೂರ್ತಿ ಓದಿದಳು. ಲೇಖನದಲ್ಲಿ ಎಲ್ಲಾ ಇತ್ತು. ಜಡಿಮಳೆ, ಕಂಬಳಿ ಕೊಪ್ಪೆ, ಬಚ್ಚಲ ಒಲೆಯ ಬೆಂಕಿ, ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳ, ಕತೆ ಹೇಳುವ ಅಜ್ಜಿ, ಕೊನೆಗೆ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಕೂತು ನಿಟ್ಟುಸಿರು ಬಿಡುವ ನಾನು. ಓದಿದವರೆಲ್ಲ "ಕಣ್ಣು ತುಂಬಿ ಬಂತು" ಅಂದಿದ್ದರು. ಆಯಿಯ ಕಣ್ಣು ತುಂಬಿ ಬರಲಿಲ್ಲ. ಕಾಗದ ಮಡಚಿ ಕೈಗೆ ಕೊಟ್ಟು, "ಚೊಲೋ ಇದ್ದು ತಮಾ. ಆದ್ರೆ ಇದು ಯಾರ ಮನೆ?" ಅಂದಳು.

ನಾನು ತಮಾಷೆ ಅಂದುಕೊಂಡೆ. ಅಲ್ಲ, ಅವಳು ನಿಜವಾಗಿಯೂ ಕೇಳ್ತಾ ಇದ್ದಳು. "ನಿನ್ನ ಅಜ್ಜಿ ಕತೆ ಹೇಳಿದ್ದು ಯಾವಾಗ? ಅವಕ್ಕೆ ಮಾತಾಡಲೆ ಪುರುಸೊತ್ತು ಎಲ್ಲಿತ್ತು?" ಅಂದಳು. ಆಮೇಲೆ ಇನ್ನೂ ಒಂದು: "ತಂಬಳಿ ಅಂತ ನಾಲ್ಕು ಸಲ ಬರದ್ದೆ. ಯಾವ ಸೊಪ್ಪು ಹೇಳೇ ಬರದ್ದಿಲ್ಲೆ."

ಅಲ್ಲಿಗೆ ನನ್ನ ಲೇಖನ ಮುಗಿಯಿತು. ಇವತ್ತು ಆ ಪ್ರಶ್ನೆಯನ್ನೇ ಹಿಡಿದುಕೊಂಡು ನಮ್ಮ ಕಡೆಯವರ ಬರವಣಿಗೆಯ ಬಗ್ಗೆ, ಅದರಲ್ಲೂ ನನ್ನಂಥವರ ಬರವಣಿಗೆಯ ಬಗ್ಗೆ, ಸ್ವಲ್ಪ ನಿಷ್ಠುರವಾಗಿ ಬರೆಯೋಣ ಅಂತಿದ್ದೇನೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಂದ ಬಂದು, ಬಿಇ ಮಾಡಿ, ಬೆಂಗಳೂರಿನಲ್ಲಿ ಕೀಬೋರ್ಡು ಕುಟ್ಟುತ್ತಾ, ಸಂಜೆ ಹೊತ್ತು ಊರಿನ ಮಳೆ ನೆನೆದು ಬರೆಯುವವರ ಒಂದು ದೊಡ್ಡ ತಂಡವೇ ಇದೆ. ನಾನೂ ಅದರಲ್ಲೊಬ್ಬ. ಹಾಗಾಗಿ ಯಾರೂ ಬೇಜಾರು ಮಾಡ್ಕೋಬೇಡಿ, ಕಲ್ಲು ಮೊದಲು ಬೀಳೋದು ನನ್ನ ಮನೆ ಹೆಂಚಿನ ಮೇಲೇ.

ಈ ಬರಹಗಳ ಲಕ್ಷಣ ನೋಡಿ. ಅಲ್ಲಿ ಮರ ಇರುತ್ತೆ, ಯಾವ ಮರ ಅಂತ ಇರಲ್ಲ. ಹಕ್ಕಿ ಇರುತ್ತೆ, ಹೆಸರಿಲ್ಲ. ಅಡುಗೆ ಇರುತ್ತೆ, ಮಾಡಿದವಳ ಕೈ ಇರಲ್ಲ. ತೇಜಸ್ವಿಯವರನ್ನು ಓದಿ ನಾವೆಲ್ಲ ಕಾಡಿನ ಬಗ್ಗೆ ಬರೆಯೋಕೆ ಶುರುಮಾಡಿದವರು. ಆದರೆ ತೇಜಸ್ವಿ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು ಅಲ್ಲೇ ಇದ್ದವರು ಅನ್ನೋದು ಮರೆತೇಹೋಗುತ್ತೆ. 'ಪರಿಸರದ ಕತೆ'ಯಲ್ಲಿ ನಿಟ್ಟುಸಿರು ಹುಡುಕಿದರೂ ಸಿಗುವುದು ಕಷ್ಟ. ಅವರು ಕಳೆದುಕೊಂಡದ್ದನ್ನು ನೆನೆಯುತ್ತಿರಲಿಲ್ಲ, ಎದುರಿಗಿದ್ದದ್ದನ್ನು ನೋಡುತ್ತಿದ್ದರು. ನಾವು ಅವರಿಂದ ತಗೊಂಡದ್ದು ಕಾಡನ್ನು ಮಾತ್ರ. ನೋಡುವ ಕೆಲಸವನ್ನು ಅಲ್ಲೇ ಬಿಟ್ಟು ಬಂದೆವು.

ಮತ್ತೆ, ಈ ಊರಿನ ಹಂಬಲಕ್ಕೆ ಒಂದು ದೊಡ್ಡ ಹೆಸರಿನ ಬೆಂಬಲವೂ ಬೇಕಲ್ಲ? ಅದಕ್ಕೆ ಪಂಪ ಇದ್ದಾನೆ. ಬನವಾಸಿಯನ್ನು ನೆನೆದು ಅವನು ಬರೆದ ಪದ್ಯಗಳು. ನನ್ನ ಆ ಲೇಖನದ ಕೊನೆಯಲ್ಲೂ ಪಂಪ ಬಂದಿದ್ದ. ಶಿರಸಿ ಸೀಮೆಯ ಯಾವ ಆಮಂತ್ರಣ ಪತ್ರಿಕೆ, ಯಾವ ಸ್ಮರಣ ಸಂಚಿಕೆ, ಯಾವ ಸ್ವಾಗತ ಭಾಷಣ ಅವನಿಲ್ಲದೆ ಮುಗಿದಿದೆ ಹೇಳಿ! ಕದಂಬೋತ್ಸವದ ಬ್ಯಾನರಿನಿಂದ ಹಿಡಿದು ಬಸ್ಸಿನ ಹಿಂದಿನ ಗಾಜಿನ ತನಕ ಅವನೇ. ಆದರೆ ಎಲ್ಲಾ ಕಡೆಯೂ ಒಂದೇ ಪದ್ಯದ ಒಂದೇ ತುದಿ. ಯಾರು ಅಂಕುಶ ಹಾಕಿ ತಿವಿದರೂ ನನ್ನ ಮನಸ್ಸು ಬನವಾಸಿಯನ್ನು ನೆನೆಯುತ್ತದೆ ಅನ್ನುವ ಅರ್ಥದ ಆ ಕೊನೆಯ ಭಾಗ. ಆಯಿ ಕೇಳಿದ ಪ್ರಶ್ನೆ ಆದಮೇಲೆ ನಾನು ಮೊದಲ ಸಲ ಅದರ ಹಿಂದೆ ಮುಂದೆ ಏನಿದೆ ಅಂತ ಓದಿದೆ. ಹೈಸ್ಕೂಲಿನಲ್ಲಿ ಕಂಠಪಾಠ ಮಾಡಿದ್ದು ಬೇರೆ, ಇದು ಬೇರೆ.

ಹಿನ್ನೆಲೆ ಗೊತ್ತಿರೋದೇ. 'ವಿಕ್ರಮಾರ್ಜುನ ವಿಜಯ' ಮುಗಿದದ್ದು ಕ್ರಿ.ಶ. 941ರಲ್ಲಿ. ಪಂಪ ಇದ್ದದ್ದು ಅರಿಕೇಸರಿಯ ಆಸ್ಥಾನದಲ್ಲಿ, ವೇಮುಲವಾಡದಲ್ಲಿ. ಅದು ಈಗಿನ ತೆಲಂಗಾಣ. ಅಂದರೆ ಅವನೂ ನಮ್ಮ ಹಾಗೆ ದೂರದೂರಲ್ಲಿ ಇನ್ಯಾರದೋ ಸಂಬಳದಲ್ಲಿ ಕೂತು ಬರೆದವನು. ಕಾವ್ಯದ ನಾಲ್ಕನೇ ಆಶ್ವಾಸದಲ್ಲಿ ಅರ್ಜುನ ತೀರ್ಥಯಾತ್ರೆಗೆ ಹೊರಟು ಬನವಾಸಿಗೆ ಬರುತ್ತಾನೆ. ಅರ್ಜುನ ಬಂದದ್ದು ನೆಪ, ಮಾತು ಪಂಪನದೇ ಅಂತ ಓದುವವರಿದ್ದಾರೆ. ನನಗೂ ಹಾಗೇ ಕಾಣುತ್ತೆ.

ಈಗ ಆ ಪದ್ಯದ ಮೊದಲ ಭಾಗ. ನಾನು ಸಾಫ್ಟ್‌ವೇರಿನವನು, ನನಗೆ ಅದು ಒಂದರ ಕೆಳಗೊಂದು ಇರುವ ಕಂಡೀಷನ್ನುಗಳ ಹಾಗೆ ಕಂಡಿತು. ತೆಂಕಣ ಗಾಳಿ ಮೈ ಸೋಕಿದರೂ, ಒಳ್ಳೆಯ ಮಾತೊಂದು ಕೇಳಿದರೂ, ಇಂಪಾದ ಹಾಡು ಕಿವಿಗೆ ಬಿದ್ದರೂ, ಅರಳಿದ ಮಲ್ಲಿಗೆ ಕಂಡರೂ, ವಸಂತದ ಹಬ್ಬ ಬಂದರೂ... ಇವುಗಳಲ್ಲಿ ಯಾವುದು ಆದರೂ ಔಟ್‌ಪುಟ್ ಒಂದೇ, ಬನವಾಸಿಯ ನೆನಪು. ಅಂಕುಶ ಬರುವುದು ಇಷ್ಟೆಲ್ಲ ಆದಮೇಲೆ. ನಾವು ಬ್ಯಾನರಿಗೆ ಔಟ್‌ಪುಟ್ ಮಾತ್ರ ಹಾಕಿಕೊಂಡು ಕಂಡೀಷನ್ನುಗಳನ್ನೆಲ್ಲ ಡಿಲೀಟ್ ಮಾಡಿದ್ದೇವೆ!

ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ಬನವಾಸಿಯದೇ ಆದದ್ದು ಒಂದೂ ಇಲ್ಲ. ದೇವಸ್ಥಾನ ಇಲ್ಲ. ವರದಾ ನದಿ ಇಲ್ಲ. ಬೆಟ್ಟ, ಜಲಪಾತ ಯಾವುದೂ ಇಲ್ಲ. ಇರುವುದು ಗಾಳಿ, ಮಾತು, ಹಾಡು, ಹೂವು. ಯಾವ ಊರಲ್ಲೂ ಯಾವ ದಿನವೂ ಸಿಗುವಂಥವು. ಮನಸ್ಸು ಊರಿಗೆ ಹೋಗುವುದು ಬಿಡಿ, ಮೊದಲು ಆ ಗಾಳಿ ಸೋಕಿದ್ದು ಗೊತ್ತಾಗಬೇಕು, ಆ ಮಾತು ಒಳ್ಳೆಯದು ಅಂತ ಕಿವಿಗೆ ತಿಳಿಯಬೇಕು. ಪಂಪ ಊರನ್ನು ನೆನೆಯಲು ಕೂತವನಲ್ಲ. ತನ್ನ ಪಾಡಿಗೆ ತಾನು ಇದ್ದಾಗ ಏನೋ ಒಂದು ತಾಗಿ ನೆನಪು ತಾನಾಗೇ ಬಂತು. ನಾನು ಮಾತ್ರ ಶನಿವಾರ ಬೆಳಿಗ್ಗೆ ಕಾಫಿ ಇಟ್ಟುಕೊಂಡು, ಈ ವಾರ ಊರಿನ ಬಗ್ಗೆ ಏನು ನೆನೆಯೋಣ ಅಂತ ಕೂರುತ್ತಿದ್ದೆ. ನೆನೆಯುವುದು ಅಂದರೆ ಮಳೆಯಲ್ಲಿ ತೋಯುವುದೂ ಹೌದು. ನನ್ನದು ಕಿಟಕಿ ಹಾಕಿಕೊಂಡು ನೆನೆದದ್ದು.

ಒಂದು ಆಕ್ಷೇಪ ಇದೆ, ಅದನ್ನು ನಾನೇ ಹೇಳಿಬಿಡುತ್ತೇನೆ. ಮಲ್ಲಿಗೆ, ಕೋಗಿಲೆ, ದುಂಬಿ, ತೆಂಕಣ ಗಾಳಿ ಇವೆಲ್ಲ ಕವಿಸಮಯ, ಸಂಸ್ಕೃತ ಕಾವ್ಯದಲ್ಲಿ ರಾಶಿ ರಾಶಿ ಸಿಗುತ್ತವೆ, ಪಂಪ ಬನವಾಸಿಯನ್ನು ಏನು ಮಹಾ ಗಮನಿಸಿದ ಅಂತ ಕೇಳಬಹುದು. ಅರ್ಧ ಒಪ್ಪುತ್ತೇನೆ. ನಮ್ಮ ಆಯಿ ಕೈಗೆ ಪಂಪ ಸಿಕ್ಕಿದ್ದರೆ, "ಮಾವಿನ ಮರ ಹೇಳಿ ಬರದ್ದೆ, ಯಾವ ಮಾವು?" ಅಂತ ಅವನಿಗೂ ಕೇಳುತ್ತಿದ್ದಳು. ಅಪ್ಪೆಮಿಡಿಯಲ್ಲಿ ಒಂದೊಂದು ಮರಕ್ಕೂ ಒಂದೊಂದು ರುಚಿ, ಒಂದೊಂದು ಹೆಸರು ಇರುವ ಸೀಮೆ ನಮ್ಮದು. ಆದರೆ ಅವನು ಬನವಾಸಿಯ ತೋಟ ವರ್ಣಿಸುವ ಕಡೆ ಮಾವು, ಜಾಜಿ, ಸಂಪಿಗೆಗಳ ನಡುವೆ ಚಿಗುರಿ ಹಬ್ಬಿದ ಎಲೆಬಳ್ಳಿಯನ್ನೂ ಇಟ್ಟಿದ್ದಾನೆ. ಎಲೆಬಳ್ಳಿ! ನಮ್ಮ ಅಡಿಕೆ ತೋಟದಲ್ಲಿ ಮರ ಅಪ್ಪಿಕೊಂಡು ಏರುವ ಅದೇ ವೀಳ್ಯದೆಲೆ ಬಳ್ಳಿ. ಅದನ್ನು ಓದಿದಾಗ ನನಗೆ ಯಾವ ಅಂಕುಶವೂ ಬೇಕಾಗಲಿಲ್ಲ, ಅಪ್ಪಯ್ಯ ಊಟ ಆದಮೇಲೆ ತೋಟದಿಂದ ತಂದ ಎಲೆಯನ್ನು ಪಂಚೆಗೆ ಒರೆಸಿಕೊಳ್ಳುವುದು ಕಣ್ಣೆದುರು ಬಂತು. ಸಾವಿರ ವರ್ಷ ದಾಟಿ ಬಂದದ್ದು ಮಲ್ಲಿಗೆಗಿಂತ ಆ ಬಳ್ಳಿ. ಇನ್ನೊಂದು ಪದ್ಯದಲ್ಲಿ ಅವನು ಹೇಳುವುದೂ ನೋಡಿ: ದಾನ, ಭೋಗ, ವಿದ್ಯೆ, ಹಾಡು, ಗೆಳೆಯರ ಕೂಟ ಇವುಗಳ ಸುಖ ಬಲ್ಲವರೇ ಮನುಷ್ಯರು, ಅಂಥವರಾಗಿ ಹುಟ್ಟಲು ಆಗದಿದ್ದರೆ ಮರಿದುಂಬಿಯೋ ಕೋಗಿಲೆಯೋ ಆಗಿ ಅಲ್ಲಿ ಹುಟ್ಟಬೇಕು ಅಂತ. ಊರು ಅಂದರೆ ಅವನಿಗೆ ಸೀನರಿ ಅಲ್ಲ. ಅಲ್ಲಿಯವರು ದಿನಾ ಏನು ಮಾಡುತ್ತಾರೆ ಅನ್ನೋದು.

ಈಗ ನಮ್ಮ ಪ್ರವಾಸಗಳಿಗೆ ಬರೋಣ. ನಮ್ಮ ಕಡೆ ಬರುವ ಟಿಟಿ ಗಾಡಿಗಳ ಪಟ್ಟಿ ಹೀಗಿರುತ್ತೆ: ಯಾಣ, ಸಹಸ್ರಲಿಂಗ, ಉಂಚಳ್ಳಿ, ಮಾಗೋಡು, ಸಾತೊಡ್ಡಿ, ಟೈಮಿದ್ದರೆ ಬನವಾಸಿ. ಎರಡು ದಿನ. ಬೆಂಗಳೂರಿನ ಗೆಳೆಯರನ್ನು ಹೀಗೆ ಕರಕೊಂಡು ಹೋದವನು ನಾನೇ. ಹೊಸ ಐಡಿಯಾ ಬರಲಿ, ತಲೆ ಫ್ರೆಶ್ ಆಗಲಿ ಅಂತ ಹೊರಟಿದ್ದೆವು. ಬಂದದ್ದು ಆರುನೂರು ಫೋಟೋ. ಉಂಚಳ್ಳಿಗೆ ಬ್ರಿಟಿಷರ ಕಾಲದ ಕಲೆಕ್ಟರೊಬ್ಬನ ಹೆಸರಿನಲ್ಲಿ ಲುಷಿಂಗ್ಟನ್ ಫಾಲ್ಸ್ ಅಂತಲೂ ಹೇಳುತ್ತಾರೆ. ಆದರೆ ಊರವರು ಅದಕ್ಕೆ ಇಟ್ಟ ಹೆಸರು ಕೆಪ್ಪ ಜೋಗ. ಅದರ ಸದ್ದಿಗೆ ಕಿವಿ ಕೆಪ್ಪಾಗುತ್ತೆ, ಅದಕ್ಕೆ. ಸಾಹೇಬರು ನೋಡಿದ್ದಕ್ಕೆ ಸಾಹೇಬರ ಹೆಸರು ಬಂತು, ಪಕ್ಕದಲ್ಲಿ ಬದುಕಿದವರು ಕಿವಿಯಿಂದ ಹೆಸರಿಟ್ಟರು. ಈ ಎರಡನೇ ಹೆಸರು ಇಟ್ಟವರು ಯಾರೋ ಗೊತ್ತಿಲ್ಲ, ಆದರೆ ನನ್ನ ಇಡೀ ಲೇಖನದಲ್ಲಿ ಅಂಥ ಒಂದು ಶಬ್ದ ಇರಲಿಲ್ಲ.

ಕೆಲಸದ ಕಡೆಯದೂ ಒಂದು ಹೇಳಿಬಿಡ್ತೇನೆ. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಕ್ರಿಯೇಟಿವಿಟಿ ವರ್ಕ್‌ಶಾಪ್ ಇಟ್ಟಿದ್ದರು. ಒಂದು ಪೇಪರ್ ಕ್ಲಿಪ್ ಕೈಗೆ ಕೊಟ್ಟು, ಹತ್ತು ನಿಮಿಷದಲ್ಲಿ ಇದರ ಮೂವತ್ತು ಉಪಯೋಗ ಬರೆಯಿರಿ ಅಂದರು. ನಾನು ಒಂಬತ್ತಕ್ಕೆ ಸುಸ್ತು. ಆಮೇಲೆ ಯೋಚನೆ ಬಂತು, ಇದೇ ಪರೀಕ್ಷೆಯನ್ನು ಆಯಿ ಪ್ರತಿ ಬೇಸಿಗೆಯಲ್ಲೂ ಹಲಸಿನಕಾಯಿ ಇಟ್ಟುಕೊಂಡು ಬರೆಯುತ್ತಾಳೆ. ಹಪ್ಪಳ, ಚಿಪ್ಸ್, ಪಲ್ಯ, ಹಣ್ಣಾದರೆ ಕಡುಬು, ದೋಸೆ, ಮಳೆಗಾಲಕ್ಕೆ ಅಂತ ಉಪ್ಪುನೀರಲ್ಲಿ ಹಾಕಿಟ್ಟ ಸೊಳೆ, ಬೇಳೆ ತೆಗೆದಿಟ್ಟರೆ ಸಾರು, ರೆಚ್ಚೆ ದನಕ್ಕೆ. ಅವಳಿಗೆ ಯಾರೂ ಸರ್ಟಿಫಿಕೇಟು ಕೊಟ್ಟಿಲ್ಲ. ನಾನೂ ಕೊಟ್ಟಿರಲಿಲ್ಲ. ಕೊಟ್ಟದ್ದು ಲೇಖನದಲ್ಲಿ 'ಅಮ್ಮನ ಕೈರುಚಿ' ಅನ್ನೋ ಎರಡು ಶಬ್ದ.

ಕೈರುಚಿ ಅನ್ನೋದು ಹೊಗಳಿಕೆಯ ಹಾಗೆ ಕೇಳಿಸುವ, ಆದರೆ ಪೂರ್ತಿ ವಿಷಯವನ್ನೇ ಮುಚ್ಚಿಹಾಕುವ ಶಬ್ದ. ಕೈಯಲ್ಲಿ ಏನೋ ಮಾಯೆ ಇದೆ, ತಲೆ ಓಡಿಸುವ ಕೆಲಸ ಅಲ್ಲ ಅಂತ ಅದರರ್ಥ. ತಂಬಳಿಯನ್ನೇ ತಗೊಳ್ಳಿ. ಬೆಳಿಗ್ಗೆ ಹಿತ್ತಲಿಗೆ ಒಂದು ಸುತ್ತು ಹೋಗುವಾಗ ಅವಳ ಕಣ್ಣು ಎಲ್ಲಾ ಕಡೆ ಇರುತ್ತೆ. ದೊಡ್ಡಪತ್ರೆ ಬಲಿತಿದೆಯಾ, ಒಂದೆಲಗ ಮಳೆನೀರಿಗೆ ಕೊಳೆತಿದೆಯಾ, ಪೇರಲೆ ಕುಡಿ ಬಂದಿದೆಯಾ. ಮನೆಯಲ್ಲಿ ಯಾರಿಗೆ ಹೊಟ್ಟೆ ಸರಿಯಿಲ್ಲ, ಯಾರಿಗೆ ಬಾಯಿಹುಣ್ಣು ಅನ್ನೋದೂ ತಲೆಯಲ್ಲಿ ಇರುತ್ತೆ. ಹೊಟ್ಟೆ ಕೆಟ್ಟಿದ್ದರೆ ದಾಳಿಂಬೆ ಸಿಪ್ಪೆ. ಒಂದೆಲಗವಾದರೆ ಹಸಿಯದೇ ರುಬ್ಬುವುದು, ದೊಡ್ಡಪತ್ರೆಯಾದರೆ ಜೀರಿಗೆ, ಮೆಣಸಿನಕಾಳಿನ ಜೊತೆ ತುಪ್ಪದಲ್ಲಿ ಬಾಡಿಸಿಕೊಳ್ಳುವುದು. ಮೇಲೆ ಕಾಯಿತುರಿ, ಮಜ್ಜಿಗೆ, ಒಗ್ಗರಣೆ. ಮಜ್ಜಿಗೆ ಎಷ್ಟು ಹುಳಿ ಅನ್ನೋದರ ಮೇಲೆ ಕಾಯಿ ಹೆಚ್ಚು ಕಮ್ಮಿ. ನಾನು ಹದಿನೆಂಟು ವರ್ಷ ಆ ಮನೆಯಲ್ಲಿ ಉಂಡವನು, ನಿನ್ನೆಯ ತಂಬಳಿ ಇವತ್ತು ಇರಲಿಲ್ಲ ಅನ್ನೋದನ್ನೇ ಗಮನಿಸಿರಲಿಲ್ಲ. 'ದಿನಾ ತಂಬಳಿ' ಅಂತ ಬರೆದಿದ್ದೆ. ದಿನಾ ಹೌದು, ಅದೇ ತಂಬಳಿ ಅಲ್ಲ.

ನಮ್ಮೂರಿನಲ್ಲಿ ಇದಕ್ಕೆ ಹತ್ತಿರದ ಇನ್ನೊಂದು ಕಲೆ ಇದೆ, ತಾಳಮದ್ದಲೆ. ಮಳೆಗಾಲದಲ್ಲಿ ಯಾರದೋ ಮನೆಯ ಜಗಲಿಯಲ್ಲಿ ಕೂತು, ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಪದ್ಯ ಹೇಳಿದ ಮೇಲೆ ಅರ್ಥಧಾರಿ ಮಾತಾಡಬೇಕು. ಪದ್ಯ ಮೊದಲೇ ಇದೆ, ಮಾತು ಮಾತ್ರ ಅಲ್ಲೇ ಹುಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ಕ್ಯಾಸೆಟ್ಟುಗಳನ್ನು ಅಪ್ಪಯ್ಯ ಸವೆಯುವ ತನಕ ಕೇಳಿದವರು. ಆದರೆ ನಮ್ಮೂರಿನ ಕರ್ಣ ಶೇಣಿ ಅಲ್ಲ, ಸೊಸೈಟಿಯಲ್ಲಿ ಅಡಿಕೆ ತೂಗಿಸಿ ಬಂದು, ಕೈಕಾಲು ತೊಳೆದು, ಶಾಲು ಹೊದ್ದು ಕೂತ ಒಬ್ಬರು. ಕರ್ಣಪರ್ವ ಎಷ್ಟನೇ ಸಲವೋ ಏನೋ. ಎದುರಿಗೆ ಕೂತ ಶಲ್ಯ ಇವತ್ತು ಎಲ್ಲಿ ಹಿಡಿಯುತ್ತಾನೆ ಅನ್ನೋದು ಮಾತ್ರ ಯಾರಿಗೂ ಗೊತ್ತಿರಲ್ಲ. ಒಂದು ಪ್ರಶ್ನೆಗೆ ಕರ್ಣ ತಡವರಿಸಿದರೆ ಮಾರನೇ ದಿನ ತೋಟದ ಬೇಲಿಯ ಹತ್ತಿರವೂ ಅದೇ ಚರ್ಚೆ. ಎಲ್ಲವೂ ಚೆನ್ನಾಗಿರುತ್ತಿತ್ತು ಅಂತ ನಾನು ಹೇಳಲ್ಲ, ನಿದ್ದೆ ಬರುವ ಅರ್ಥವನ್ನೂ ಬೇಕಾದಷ್ಟು ಕೇಳಿದ್ದೇನೆ. ಆದರೆ ಅಲ್ಲಿ ಸುಳ್ಳು ಹೇಳಿ ದಕ್ಕಿಸಿಕೊಳ್ಳೋದು ಕಷ್ಟ. ಎದುರು ಅರ್ಥಧಾರಿ ಬಿಡಲ್ಲ.

ನನ್ನ ಬರಹಕ್ಕೆ ಕಮ್ಮಿಯಾದದ್ದು ಅದು. ನನಗೆ ಎದುರು ಅರ್ಥಧಾರಿಯೇ ಇರಲಿಲ್ಲ. ಓದಿದವರೆಲ್ಲ ನನ್ನಂತೆ ಊರು ಬಿಟ್ಟವರು, ಅವರಿಗೂ ಆ ಬಚ್ಚಲ ಒಲೆ ಬೇಕಿತ್ತು. ನಾನು ಹೈಸ್ಕೂಲಿಗೆ ಹೋಗುವಾಗಲೇ ಮನೆಗೆ ಗೋಬರ್ ಗ್ಯಾಸ್ ಬಂದಿತ್ತು. ಅಜ್ಜಿ ಸಂಜೆ ಹೊತ್ತು ಕತೆ ಹೇಳುತ್ತಿರಲಿಲ್ಲ, ಅಡಿಕೆ ಸುಲಿಯುತ್ತಿದ್ದಳು. ಮೆಟಗತ್ತಿಯ ಮೇಲೆ ಅವಳ ಕೈ ಓಡುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಅದನ್ನು ಬಿಟ್ಟು, ಬೇರೆ ಯಾರದೋ ಪುಸ್ತಕದ ಅಜ್ಜಿಯನ್ನು ತಂದು ನಮ್ಮ ಜಗಲಿಯಲ್ಲಿ ಕೂರಿಸಿದ್ದೆ. "ಇದು ಯಾರ ಮನೆ" ಅಂತ ಆಯಿ ಕೇಳಿದ್ದರಲ್ಲಿ ತಪ್ಪೇನಿದೆ?

ಆಮೇಲೆ ಸುಮಾರು ಒಂದು ವರ್ಷ ನಾನು ಊರಿನ ಬಗ್ಗೆ ಬರೆಯಲಿಲ್ಲ. ದೊಡ್ಡ ವ್ರತ ಏನಲ್ಲ, ಬರೆಯೋಕೆ ಕೂತರೆ ನಾಚಿಕೆ ಆಗ್ತಿತ್ತು. ಬಾಲ್ಕನಿಯಲ್ಲಿ ಒಂದು ಕುಂಡ ಇಟ್ಟು ದೊಡ್ಡಪತ್ರೆ ಹಚ್ಚಿದೆ. ಫೋನಲ್ಲಿ ಕೇಳಿಕೊಂಡು ತಂಬಳಿ ಮಾಡಿದೆ. ಮೊದಲನೆಯದು ಕಷಾಯದ ಹಾಗಿತ್ತು. ಪ್ಯಾಕೆಟ್ ಮೊಸರು ಬೇಕಾದಾಗ ಹುಳಿ ಬರಲ್ಲ, ಬೇಡದಾಗ ಬರುತ್ತೆ ಅನ್ನೋದು ಗೊತ್ತಾಯಿತು. ಮಗ್ಗುಲ ಮನೆಯ ತಮಿಳಿನವರು ಅದೇ ಎಲೆಗೆ ಕರ್ಪೂರವಳ್ಳಿ ಅಂತಾರೆ, ಬಜ್ಜಿ ಮಾಡ್ತಾರೆ ಅನ್ನೋದೂ ಗೊತ್ತಾಯಿತು. ಇಷ್ಟು ವರ್ಷ ಎದುರುಬದುರು ಮನೆಯಲ್ಲಿದ್ದು ನಾವು ಮಾತಾಡಿದ ಮೊದಲ ಸಂಗತಿ ಅದು.

ಹೋದ ದೀಪಾವಳಿ ಮುಗಿದ ಮೇಲೆ ಆಯಿಯನ್ನು ಬನವಾಸಿಗೆ ಕರಕೊಂಡು ಹೋದೆ. ಇಷ್ಟು ಹತ್ತಿರ ಇದ್ದೂ ಅವಳು ಸಣ್ಣವಳಿದ್ದಾಗ ತೇರಿಗೆ ಅಂತ ಒಂದೇ ಸಲ ಹೋದವಳು. ಶಿರಸಿಯಿಂದ ಆ ಕಡೆ ಹೊರಟರೆ ಸ್ವಲ್ಪ ಹೊತ್ತಿಗೆಲ್ಲ ಅಡಿಕೆ ತೋಟ, ಕಾಡು ಹಿಂದೆ ಬಿದ್ದು ಬಯಲು ತೆರೆದುಕೊಳ್ಳುತ್ತೆ. ಪಂಪನ ಮಾಮರ ಹುಡುಕಿಕೊಂಡು ಹೋದವರಿಗೆ ಈಗ ಸಿಗೋದು ಭತ್ತದ ಗದ್ದೆ, ಸಾಲು ಸಾಲು ಅನಾನಸ್. ಆಯಿಗೆ ಅನಾನಸ್ ಸಾಲುಗಳ ಬಗ್ಗೆ ನೂರು ಪ್ರಶ್ನೆ. ನೆರಳು ಬೇಡದಾ, ಮಂಗ ತಿನ್ನಲ್ವಾ, ಯಾರು ತಗೋತಾರೆ. ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ನನ್ನ ತಲೆಯಲ್ಲಿ ಕದಂಬರು ಓಡುತ್ತಿದ್ದರು.

ಮಧುಕೇಶ್ವರನಿಗೆ ಕೈಮುಗಿದು, ನಂದಿ ನೋಡಿ, ಕಲ್ಲಿನ ಮಂಚದ ಹತ್ತಿರ ಬಂದೆವು. ಎಂಥಾ ಕುಸುರಿ ಕೆಲಸ ಅದು, ನಾನು ಬಾಯಿ ಬಿಟ್ಟು ನಿಂತಿದ್ದೆ. ಆಯಿ ಒಂದು ಸುತ್ತು ಬಂದು, "ಇದ್ರ ಮೇಲೆ ಮನಗಿದ್ರೆ ಸೊಂಟ ಹೋಗ್ತು" ಅಂದಳು. ಪಕ್ಕದಲ್ಲಿದ್ದ ಶಾಲೆಯ ಮಕ್ಕಳು ನಕ್ಕರು.

ವಾಪಸ್ ಹೊರಡುವ ಮೊದಲು ವರದೆಯ ಕಡೆ ಇಳಿದೆವು. ನಾನು ನೀರಿನ ಫೋಟೋ ತೆಗೆಯೋಕೆ ಬೆಳಕು ಹುಡುಕುತ್ತಿದ್ದೆ. ತಿರುಗಿ ನೋಡಿದರೆ ಆಯಿ ಇಲ್ಲ. ಗದ್ದೆಯ ಅಂಚಿನ ತೇವದಲ್ಲಿ ಬಗ್ಗಿಕೊಂಡು ಏನೋ ಕೀಳುತ್ತಿದ್ದಳು. ಒಂದೆಲಗ. ಸೆರಗಿನ ತುಂಬಾ ಆಗಿತ್ತು.

"ನಮ್ಮನೇಲೂ ಇದ್ದಲೇ ಆಯಿ" ಅಂದೆ.

"ಇದ್ರ ಎಲೆ ದೊಡ್ಡ ಇದ್ದು. ವಗರು ಕಮ್ಮಿ ಇಕ್ಕು. ಜೀರಿಗೆ ಹಿಡದು ಹಾಕವು," ಅಂತ ಹೇಳಿ ಒಂದು ಎಲೆ ಬಾಯಿಗೆ ಹಾಕಿಕೊಂಡಳು, ನನಗೂ ಒಂದು ಕೊಟ್ಟಳು. ನನಗೇನೂ ವ್ಯತ್ಯಾಸ ತಿಳಿಯಲಿಲ್ಲ. ಇನ್ನೊಂದು ಕೊಟ್ಟಳು.

ಮಾರನೇ ದಿನ ರುಬ್ಬಿದ್ದು ನಾನು. ಅಪ್ಪಯ್ಯ ಮಾತಾಡದೆ ಎರಡು ಸಲ ಹಾಕಿಸಿಕೊಂಡರು. ಆಯಿ ಮಾತ್ರ ಮೆಣಸಿನಕಾಳು ಒಂದೆರಡು ಹೆಚ್ಚಾಯಿತು ಅಂದಳು.